ಗದ್ದೆ ಯಾರದು?

ಜಪಾನಿನ ರೋಬೋಟ್ ಚಿತ್ರವೊಂದರ ಬಗ್ಗೆ ಈ ಪತ್ರಿಕೆಯಲ್ಲಿ ಬರೆಯುವುದೇನಿದೆ ಎಂದು ಕೇಳುವ ಗೆಳೆಯರಿದ್ದಾರೆ. ಕೇಳಲಿ. ನಮ್ಮಲ್ಲೊಬ್ಬರು ಹೈಸ್ಕೂಲು ಮೇಷ್ಟ್ರು. ಅವರ ತರಗತಿಯ ಹುಡುಗನೊಬ್ಬ ಸಮಾಜ ಪಾಠದ ನೋಟ್ಸಿನ ಹಿಂದಿನ ಹಾಳೆಯಲ್ಲಿ ನೇರಳೆ ಬಣ್ಣದ ರಾಕ್ಷಸನೊಬ್ಬನನ್ನು ಬರೆದಿದ್ದ. ತಲೆಗೊಂದು ಕೊಂಬು, ಬೆನ್ನಿಗೊಂದು ಉದ್ದನೆಯ ವೈರು.

'ಇದೇನ್ಲಾ?'

'ಎವಾ ಅಂತ ಸಾ. ಒಳಗೊಬ್ಬ ಹುಡ್ಗ ಕೂತಿರ್ತಾನೆ. ನಮ್ ವಯಸ್ಸಿನೋನು.'

'ಅವ್ನು ಯಾಕ್ ಕೂತವ್ನೆ?'

'ಅವ್ರಪ್ಪ ಕೂರ್ಸವ್ನೆ ಸಾ.'

ಈ ಕಡೆಯ ಮಾತು ಕೇಳಿದ ಮೇಲೆ ಮೇಷ್ಟ್ರು ಹುಡುಗನನ್ನು ಬೈಯಲಿಲ್ಲ, ಚಿತ್ರ ನೋಡೋಣ ಎಂದರು. ಬೆಳ್ಳಾವಿಯ ಮನೆಯೊಂದರ ಪಡಸಾಲೆಯಲ್ಲಿ ಗೋಡೆಗೆ ಬಿಳಿ ಪಂಚೆ ಕಟ್ಟಿ, ಎರಡು ರಾತ್ರಿ ಕೂತು ನಾವು ಏಳೆಂಟು ಜನ ಅದನ್ನು ನೋಡಿದೆವು. ಜಪಾನಿ ಮಾತು, ಇಂಗ್ಲಿಷ್ ಅಡಿಬರಹ. ಕಾಲೇಜು ಓದುವ ಹುಡುಗಿಯೊಬ್ಬಳು ಗಟ್ಟಿಯಾಗಿ ಕನ್ನಡದಲ್ಲಿ ಹೇಳುತ್ತಾ ಹೋದಳು. ಇದೇ ಬೆಳ್ಳಾವಿಯ ವೆಂಕಟನಾರಣಪ್ಪನವರು 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ 'ವಿಜ್ಞಾನ' ಎಂಬ ಮಾಸಪತ್ರಿಕೆ ತೆಗೆದವರು. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಹೇಳುತ್ತಿದ್ದವರು ಕನ್ನಡದಲ್ಲೂ ವಿಜ್ಞಾನ ಹೇಳಬಹುದೆಂದು ಹಟ ಹಿಡಿದರು. ಪತ್ರಿಕೆ ಎರಡೇ ವರ್ಷ ನಡೆಯಿತು. ನೂರು ವರ್ಷ ಕಳೆದ ಮೇಲೆ ಅವರ ಊರಿನಲ್ಲಿ ಕೂತು ವಿಜ್ಞಾನದ ಕತೆಯೊಂದನ್ನು ಇಂಗ್ಲಿಷ್ ದಾಟಿಕೊಂಡೇ ನಾವು ಮುಟ್ಟಬೇಕಾಯಿತು ಎಂಬುದನ್ನು ಇಲ್ಲಿ ಗುರುತು ಹಾಕಿ ಮುಂದೆ ಹೋಗುತ್ತೇವೆ.

ಚಿತ್ರದ ಹೆಸರು 'ಎವಾಂಗೆಲಿಯನ್'. ಗ್ರೀಕಿನಲ್ಲಿ ಸುವಾರ್ತೆ ಎಂದರ್ಥ. ನಿರ್ದೇಶಕ ಹಿದೆಯಾಕಿ ಅನ್ನೊ. 1995-96ರಲ್ಲಿ ಟಿವಿಯಲ್ಲಿ 26 ಕಂತುಗಳಾಗಿ ಬಂದ ಕತೆಯನ್ನೇ ಆತ ಮತ್ತೆ ನಾಲ್ಕು ಸಿನಿಮಾ ಮಾಡಿದ: 2007, 2009, 2012, ಕಡೆಯದು 2021. ಕಡೆಯದು ಎರಡೂವರೆ ಗಂಟೆಗೂ ಹೆಚ್ಚು ಉದ್ದದ್ದು. ಆ ವರ್ಷದ ಆಗಸ್ಟ್ 13ರಂದು ಅಮೆಜಾನ್ ಪ್ರೈಮಿನ ಮೂಲಕ ನಮ್ಮ ದೇಶಕ್ಕೂ ಬಂತು. ನಾವು ಮೊದಲನೆಯದರಿಂದ ಶುರು ಮಾಡಿ ನಡುವಿನವನ್ನು ಅಲ್ಲಲ್ಲಿ ಓಡಿಸಿ ಕಡೆಯದನ್ನು ಪೂರ್ತಿ ನೋಡಿದೆವು. ಈ ಮಾತೆಲ್ಲ ಹೆಚ್ಚಾಗಿ ಆ ಕಡೆಯ ಚಿತ್ರದ ಬಗ್ಗೆ.

ಕತೆ ಇಷ್ಟು. ಲೋಕ ಅರ್ಧ ಹಾಳಾಗಿದೆ. 'ದೂತ'ರೆಂಬ ವಿಚಿತ್ರ ಪ್ರಾಣಿಗಳು ಬಂದು ಮೇಲೆ ಬೀಳುತ್ತಿವೆ. ಅವನ್ನು ಹೊಡೆಯಲು ಗೋಪುರದಷ್ಟು ಎತ್ತರದ ಎವಾ ಎಂಬ ದೈತ್ಯರನ್ನು ಕಟ್ಟಿದ್ದಾರೆ. ಅವುಗಳೊಳಗೆ ಕೂರುವುದು ಹದಿನಾಲ್ಕು ವರ್ಷದ ಮಕ್ಕಳು ಮಾತ್ರ. ಅವುಗಳ ಕಚೇರಿಯ ಯಜಮಾನ ಗೆಂಡೊ. ಅವನ ಮಗ ಶಿಂಜಿ. ವರ್ಷಗಟ್ಟಲೆ ಮುಖ ನೋಡದ ಮಗನನ್ನು ಅಪ್ಪ ಕರೆಸುವುದು ಪ್ರೀತಿಗಲ್ಲ, ಆ ದೈತ್ಯನೊಳಗೆ ಕೂರಿಸುವುದಕ್ಕೆ.

ಮೊದಲ ಚಿತ್ರದ ಆರಂಭದಲ್ಲಿಯೇ ಬರುವ ಒಂದು ದೃಶ್ಯವನ್ನು ನಮ್ಮವರು ಎರಡು ಸಲ ಹಿಂದಕ್ಕೆ ತಿರುಗಿಸಿ ನೋಡಿದರು. ಹುಡುಗ 'ಆಗಲ್ಲ' ಅನ್ನುತ್ತಾನೆ. ಅಪ್ಪ ಬೈಯುವುದಿಲ್ಲ, ಹೊಡೆಯುವುದಿಲ್ಲ. ಮೈತುಂಬ ಬ್ಯಾಂಡೇಜಿನ ಒಬ್ಬ ಹುಡುಗಿಯನ್ನು ಮಂಚದ ಮೇಲೆ ಮಲಗಿಸಿ ತರಿಸುತ್ತಾನೆ. ನೀನು ಕೂರದಿದ್ದರೆ ಇವಳು ಕೂರುತ್ತಾಳೆ, ಅಷ್ಟೆ. ಹುಡುಗಿ ಏಳಲು ಹೋಗಿ ನರಳುತ್ತಾಳೆ. ಹುಡುಗ ಒಪ್ಪಿಕೊಳ್ಳುತ್ತಾನೆ.

ಇದು ನಮಗೆ ಹೊಸದೇ? ಅಪ್ಪನ ಸಾಲಕ್ಕೆ ಮಗ, ಮಗ ಓಡಿಹೋದರೆ ತಮ್ಮ, ತಮ್ಮ ಕಾಯಿಲೆ ಬಿದ್ದರೆ ತಂಗಿ. ಜೀತ ನಡೆದದ್ದು ಹೀಗೆಯೇ. ಒಡೆಯ ಕೈಯೆತ್ತಬೇಕಾಗಿಯೇ ಇರಲಿಲ್ಲ. ಅವನ ಬದಲು ಅವಳು ಅಂದರೆ ಸಾಕಿತ್ತು. 1976ರ ಕಾನೂನು ಜೀತವನ್ನು ರದ್ದು ಮಾಡಿತು, ಈ ಮಾತನ್ನು ರದ್ದು ಮಾಡಲಾಗಲಿಲ್ಲ. ಜಪಾನಿನ ಒಬ್ಬ ಸಿನಿಮಾದವನಿಗೆ ಇದರ ಗುಟ್ಟು ತಿಳಿದಿತ್ತಲ್ಲ ಎಂದು ನಮಗೆ ಆಶ್ಚರ್ಯವಾಯಿತು.

ಆ ಹದಿನಾಲ್ಕು ವರ್ಷವನ್ನೂ ನೋಡಿ. ಹದಿನಾಲ್ಕು ತುಂಬದ ಮಕ್ಕಳನ್ನು ಯಾವ ದುಡಿಮೆಗೂ ಹಚ್ಚಬಾರದು ಎಂದು ನಮ್ಮ 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ತಂದರು. ತರುವಾಗಲೇ ಒಂದು ಸಂದು ಬಿಟ್ಟರು: ಶಾಲೆ ಮುಗಿದ ಮೇಲೆ, ರಜೆಯಲ್ಲಿ, ಅಪಾಯವಿಲ್ಲದ ಮನೆಯವರ ಕಸುಬಿಗೆ ಮಗು ಕೈಹಚ್ಚಬಹುದು. ಮನೆಯವರ ಕಸುಬು! ಈ ದೇಶದಲ್ಲಿ ಆ ಮಾತಿನ ಅರ್ಥವೇನೆಂದು ಚಮ್ಮಾರನ ಮಗನಿಗೂ ಕಸ ಗುಡಿಸುವವಳ ಮಗಳಿಗೂ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಶಿಂಜಿಯದೂ ಮನೆಯವರ ಕಸುಬೇ. ಅಪ್ಪನ ಕಚೇರಿ, ದೈತ್ಯನ ಹೊಟ್ಟೆಯೊಳಗೆ ಕರಗಿ ಸೇರಿಹೋಗಿರುವವಳು ಅವನ ತಾಯಿ. ತಾಯಿಯನ್ನು ತಿಂದ ಯಂತ್ರದೊಳಕ್ಕೇ ಮಗನನ್ನೂ ಇಳಿಸುತ್ತಾರೆ. ಮೇಲುನೋಟಕ್ಕೆ ಇದು ವಿಜ್ಞಾನದ ಕಲ್ಪನೆ. ಮ್ಯಾನ್‌ಹೋಲಿನಲ್ಲಿ ಗಂಡನನ್ನು ಕಳೆದುಕೊಂಡು, ಮನೆ ನಡೆಯಲು ಬೇರೆ ದಾರಿ ಕಾಣದೆ ಮಗನನ್ನೂ ಅದೇ ಕೆಲಸಕ್ಕೆ ಕಳಿಸಿದ ತಾಯಂದಿರಿಗೆ ಇದರಲ್ಲಿ ಕಲ್ಪನೆ ಎಷ್ಟು ಕಂಡೀತು?

ಇಷ್ಟೆಲ್ಲ ಕಂಡವನು ಎಲ್ಲಿ ದಾರಿ ತಪ್ಪುತ್ತಾನೆ? ಕೂರಿಸಿದವನನ್ನು ಬಿಟ್ಟು ಕೂತವನ ಮನಸ್ಸನ್ನೇ ಕೆದಕುತ್ತಾ ಹೋಗುವಲ್ಲಿ. ಶಿಂಜಿ ನಮಗೆ ಬಹಳ ಪರಿಚಯದ ಹುಡುಗ. ಅರವತ್ತರ ದಶಕದ ನವ್ಯ ಕತೆಗಳಲ್ಲಿ ಇವನನ್ನು ನಾವು ಕಂಡಿದ್ದೇವೆ: ಅಪ್ಪನನ್ನು ಕಂಡರಾಗದ, ಹೆಣ್ಣಿನ ಮುಂದೆ ಮಾತು ಹೊರಡದ, ಕೋಣೆಯಲ್ಲಿ ಕೂತು ತನ್ನ ಅಂಗೈಯನ್ನು ತಾನೇ ಬಿಚ್ಚಿ ಮುಚ್ಚಿ ನೋಡಿಕೊಳ್ಳುವ ಯುವಕ. ಶಿಂಜಿ ನಿಜವಾಗಿಯೂ ಹೀಗೆ ಅಂಗೈ ಬಿಚ್ಚಿ ಮುಚ್ಚಿ ಮಾಡುತ್ತಾನೆ. ಕಿವಿಗೆ ಕ್ಯಾಸೆಟ್ಟಿನ ತಂತಿ ಸಿಕ್ಕಿಸಿಕೊಂಡು ಲೋಕವನ್ನು ಹೊರಗಿಡುತ್ತಾನೆ. ಲೋಕ ಸತ್ತರೂ ಅವನಿಗೆ 'ನಾನು ಯಾರಿಗೂ ಬೇಡವಾದೆನೆ?' ಎಂಬುದೇ ಪ್ರಶ್ನೆ. ಪ್ರಶ್ನೆ ಸುಳ್ಳೆಂದು ನಾವು ಹೇಳುವುದಿಲ್ಲ. ಬೇಡವಾದವರ ಕೇರಿಯಿಂದ ಬಂದವರು ನಾವು, ಆ ನೋವನ್ನು ಅಳೆಯಲು ನಮಗೆ ಬರುತ್ತದೆ. ಆದರೆ ಒಬ್ಬನೇ ಬೇಡವಾದಾಗ ಅದು ಅನಾಥಪ್ರಜ್ಞೆ, ಊರಿಗೆ ಊರೇ ಬೇಡವಾದಾಗ ಅದಕ್ಕೆ ಬೇರೆ ಹೆಸರಿದೆ.

ಕರೆಂಟಿನ ವಿಷಯ ಹೇಳದೆ ಮುಂದಕ್ಕೆ ಹೋಗಲಾಗದು. ಎವಾ ನಡೆಯುವುದು ಬೆನ್ನ ವೈರಿನಿಂದ. ವೈರು ಕಿತ್ತರೆ ಕೆಲವೇ ನಿಮಿಷ, ಆಮೇಲೆ ನಿಂತಲ್ಲೇ ಹೆಣ. 2007ರ ಚಿತ್ರದಲ್ಲಿ ಒಂದು ದೂತನನ್ನು ಹೊಡೆಯಲು ಇಡೀ ಜಪಾನಿನ ಕರೆಂಟನ್ನು ಒಂದು ಬಂದೂಕಿಗೆ ಹರಿಸುತ್ತಾರೆ. ದೇಶಕ್ಕೆ ದೇಶವೇ ಕತ್ತಲಾಗುತ್ತದೆ. ಅದಕ್ಕೆ 'ಯಾಶಿಮಾ ಕಾರ್ಯಾಚರಣೆ' ಎಂದು ಹೆಸರು. 2011ರ ಮಾರ್ಚಿನಲ್ಲಿ ಭೂಕಂಪವಾಗಿ ಫುಕುಶಿಮಾ ಸ್ಥಾವರ ಕೆಟ್ಟಾಗ ಜಪಾನಿನ ಯುವಕರು ದೀಪ ಆರಿಸಿ ಕರೆಂಟು ಉಳಿಸಲು ಒಬ್ಬರಿಗೊಬ್ಬರು ಇದೇ ಹೆಸರಿನಲ್ಲಿ ಕರೆ ಕೊಟ್ಟರು. ಸಿನಿಮಾದಿಂದ ಜನ ಕಲಿಯಬಲ್ಲ ಒಳ್ಳೆಯದಕ್ಕೆ ಇದೊಂದು ಗುರುತು. ನಮ್ಮ ಪಡಸಾಲೆಯಲ್ಲಿ ಮಾತ್ರ ದೇಶ ಕತ್ತಲಾದಾಗ ಎಲ್ಲರೂ ನಕ್ಕರು. 'ಇದಕ್ಕೇನು ಇಷ್ಟು ಸಂಗೀತ? ನಮ್ಗೆ ದಿನಾ ಇದೇಯ' ಎಂದ ಒಬ್ಬ. ರಾತ್ರಿ ಎದ್ದು ತ್ರೀಫೇಸ್ ಬಂತಾ ಎಂದು ಮೋಟರ್ ಮನೆಗೆ ಬ್ಯಾಟರಿ ಹಿಡಿದು ಹೋಗುವವರ ನಗು ಅದು. ನಮ್ಮ ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಸ್ಥಾವರವಿದೆ. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಗೊತ್ತಾಯಿತು. ಜಮೀನಿಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಯಾವ ಗುತ್ತಿಗೆ? ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಕಾವಲು ಎಂದರೆ ದನ ಮೇಯುವ ಹುಲ್ಲುಗಾವಲು. ದೈತ್ಯ ಯಂತ್ರ ಎಂದರೆ ನಮಗೆ ಜಪಾನಿನ ಕನಸೇನೂ ಅಲ್ಲ, ಬಸ್ಸಿನಲ್ಲಿ ಹೋಗಿ ಬರುವ ದೂರದ್ದು. ಅಲ್ಲಿ ಕೆಲಸ ಸಿಗುತ್ತದೆಯೇ ಎಂದು ಕೇಳುವ ಐಟಿಐ ಹುಡುಗರು ನಮ್ಮ ಜೊತೆಯಲ್ಲೇ ಕೂತು ಚಿತ್ರ ನೋಡಿದರು.

ಇನ್ನು ಗದ್ದೆಗೆ ಬರೋಣ.

ಕಡೆಯ ಚಿತ್ರದಲ್ಲಿ, ತನ್ನಿಂದಲೇ ಲೋಕ ಹಾಳಾಯಿತೆಂದು ಮಾತು ಸತ್ತುಹೋದ ಶಿಂಜಿ 'ಮೂರನೇ ಹಳ್ಳಿ' ಎಂಬಲ್ಲಿಗೆ ಬರುತ್ತಾನೆ. ಬದುಕಿ ಉಳಿದವರು ಹಳೆಯ ರೈಲು ನಿಲ್ದಾಣದ ಸುತ್ತ ಕಟ್ಟಿಕೊಂಡ ಊರು. ಪಡಿತರದ ಸಾಲು, ಹಂಚಿಕೊಳ್ಳುವ ಊಟ, ಬಾಣಂತಿ, ಕೂಸು, ಬೆಕ್ಕು. ಅವನ ಜೊತೆಗೆ ಒಬ್ಬ ಹುಡುಗಿಯೂ ಬಂದಿದ್ದಾಳೆ. ಮಂಚದ ಮೇಲೆ ಮಲಗಿಸಿ ತಂದ ಆ ರೇ ಅಯನಾಮಿಯ ನಕಲು ಇವಳು. ಕಚೇರಿಯವರು ಅಚ್ಚು ಹಾಕಿ ತೆಗೆದ ಹುಡುಗಿಯರಲ್ಲಿ ಒಬ್ಬಳು. ಅವಳಿಗೆ ಹೆಸರಿಲ್ಲ. 'ಅವಳ ಹಾಗೇ ಇರೋಳು' ಎಂದು ಊರವರು ಕರೆಯುತ್ತಾರೆ. ಊರಿನ ಹೆಂಗಸರು ಅವಳನ್ನು ನಾಟಿಗೆ ಕರೆದೊಯ್ಯುತ್ತಾರೆ. ಯುದ್ಧದ ಕರಿ ಅಂಗಿಯಲ್ಲೇ ಅವಳು ಕೆಸರಿಗಿಳಿಯುತ್ತಾಳೆ, ಬೀಳುತ್ತಾಳೆ, ಕಲಿಯುತ್ತಾಳೆ. ಶುಭೋದಯ ಎಂದರೇನು, ಥ್ಯಾಂಕ್ಸ್ ಎಂದರೇನು ಎಂದು ಒಂದೊಂದೇ ಕೇಳಿ ತಿಳಿಯುತ್ತಾಳೆ.

ಬಹಳ ಚೆನ್ನಾಗಿದೆ ಇದು. ಯುದ್ಧದ ಸದ್ದೆಲ್ಲ ನಿಂತು, ಬಾಗಿದ ಬೆನ್ನುಗಳನ್ನು ತೋರಿಸುವ ಧೈರ್ಯ ಈ ಜಾತಿಯ ಚಿತ್ರಗಳಲ್ಲಿ ಎಷ್ಟಕ್ಕಿದೆ? ಅನ್ನೊನ ಅಪ್ಪ ಕೆಲಸ ಮಾಡುವಾಗ ಕಾಲು ಕಳೆದುಕೊಂಡವನು. ದುಡಿಮೆ ಮೈಯನ್ನು ಏನು ಮಾಡುತ್ತದೆಂದು ಕಂಡು ಬೆಳೆದವನ ಕಣ್ಣು ಇದು ಅನ್ನಿಸಿತು.

ಪಡಸಾಲೆಯ ಬಾಗಿಲಲ್ಲಿ ಕೂತು ಅಡಿಕೆ ಎಲೆ ಹಾಕಿಕೊಳ್ಳುತ್ತಿದ್ದ ಆ ಮನೆಯ ದೊಡ್ಡವ್ವ ಅಲ್ಲಿಯವರೆಗೂ ಪರದೆಯ ಕಡೆ ನೋಡಿರಲಿಲ್ಲ. ನಾಟಿ ಬಂದಾಗ ಹತ್ತಿರಕ್ಕೆ ಸರಿದರು. 'ಪೈರು ಹಂಗೆ ಹಿಡ್ಕೊಂಡ್ರೆ ನಾಕು ಸಾಲಿಗೇ ಕೈ ಸೋತೋಯ್ತದೆ' ಅಂದರು. ಆಮೇಲೆ 'ಕೂಲಿ ಎಷ್ಟಂತೆ?' ಅಂದರು. ಕೂಲಿ ಇಲ್ಲ, ಎಲ್ಲರೂ ಸೇರಿ ಬೆಳೆದು ಹಂಚಿಕೊಳ್ತಾರೆ ಎಂದಳು ನಮ್ಮ ಹುಡುಗಿ. ದೊಡ್ಡವ್ವ ಒಂದಿಷ್ಟು ಹೊತ್ತು ಸುಮ್ಮನಿದ್ದು ಕೇಳಿದರು: 'ಹಂಗಾರೆ ಗದ್ದೆ ಯಾರ್ದಪ್ಪ?'

ಚಿತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಉತ್ತರ ಬೇಕು ಎಂದು ಚಿತ್ರಕ್ಕೆ ಅನ್ನಿಸಿಯೂ ಇಲ್ಲ. ಲೋಕ ಮುಳುಗಿದ್ದರಿಂದ ಪಹಣಿಯೂ ಮುಳುಗಿತು, ಒಡೆಯನೂ ಹೋದ ಎಂದುಕೊಳ್ಳಬೇಕು. ನಮ್ಮ ಅನುಭವ ಹಾಗೆ ಹೇಳುವುದಿಲ್ಲ. ಬರ ಬಂದಾಗಲೂ ಪ್ಲೇಗು ಬಂದಾಗಲೂ ಊರು ಮತ್ತೆ ಕಟ್ಟಿಕೊಂಡಾಗ ಕೇರಿ ಮತ್ತೆ ಊರಾಚೆಗೇ ಬಿತ್ತು. ಸರ್ಕಾರ ಮಂಜೂರು ಮಾಡಿಕೊಟ್ಟ ಜಮೀನು ಕೈಬಿಟ್ಟ ಮನೆಗಳಿಗಾಗಿ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ತಡವಾಗಿ ಅರ್ಜಿ ಹಾಕಿದಿರಿ ಎಂಬ ಒಂದು ಮಾತಿಗೆ ಎಷ್ಟೋ ಅರ್ಜಿಗಳು ಸೋತು, ಕಾಲಮಿತಿ ಇಲ್ಲವೆಂದು ಬರೆಯಿಸಲು 2023ರ ತಿದ್ದುಪಡಿ ಬೇಕಾಯಿತು. ಶಿವರಾಮ ಕಾರಂತರ ಚೋಮ ಕೇಳಿದ್ದು ಇಷ್ಟೇ ಅಲ್ಲವೆ, ಗೇಯಲು ಒಂದು ತುಂಡು ನೆಲ? ಎತ್ತು ಅವನಲ್ಲಿದ್ದವು, ತೋಳಿತ್ತು. ಹೊಲೆಯನಿಗೆ ಬೇಸಾಯ ಸಲ್ಲದು ಎಂದರು. ಚೋಮನಿಗೆ ಸಿಗದ ಗದ್ದೆ ಅಯನಾಮಿಗೆ ಒಂದು ಬೆಳಗ್ಗೆಗೆ ಸಿಕ್ಕಿದ್ದು ಹೇಗೆ? ಕೆಸರು ಎಲ್ಲರ ಮನಸ್ಸನ್ನೂ ತೊಳೆಯುತ್ತದೆ ಎಂದು ನಂಬುವುದು, ಆ ಕೆಸರಿನಲ್ಲಿ ವರ್ಷಕ್ಕೆ ಒಂದು ದಿನ ಮಾತ್ರ ಇಳಿಯುವವರಿಗೆ ಸುಲಭ.

ಇನ್ನೊಂದು ಮಾತು ಇದಕ್ಕಿಂತ ಗಟ್ಟಿಯಾಗಿ ಹೇಳಬೇಕು. ಆ ಹುಡುಗಿ ಶಿಂಜಿಯ ಹತ್ತಿರ ಬಂದು ನನಗೊಂದು ಹೆಸರಿಡು ಎಂದು ಕೇಳುತ್ತಾಳೆ. ಅವನು ಯೋಚನೆ ಮಾಡಿ ಬಂದು, ಅಯನಾಮಿ ಅಯನಾಮಿಯೇ, ಬೇರೆ ಹೆಸರು ತೋಚಲಿಲ್ಲ ಅನ್ನುತ್ತಾನೆ. ಅಷ್ಟಕ್ಕೇ ಅವಳು ಸಂತೋಷಪಟ್ಟು, ಕಚೇರಿಯ ಹೊರಗೆ ಬದುಕಲಾರದ ಮೈಯಾದ್ದರಿಂದ, ಅವನ ಎದುರಿಗೇ ನೀರಾಗಿ ಕರಗಿ ಹೋಗುತ್ತಾಳೆ. ಅವಳು ನೆಟ್ಟ ಪೈರಿನ ಕೊಯ್ಲನ್ನು ಅವಳು ನೋಡುವುದಿಲ್ಲ. ಶಿಂಜಿ ಅತ್ತು, ಕಣ್ಣೊರೆಸಿಕೊಂಡು, ಕಡೆಗೂ ಗಟ್ಟಿಯಾಗಿ ಹಡಗು ಹತ್ತುತ್ತಾನೆ.

ಒಡೆಯ ಕೂಗಿದ್ದೇ ಹೆಸರಾಗಿ ಹೋದ ಅಜ್ಜಂದಿರ ಮೊಮ್ಮಕ್ಕಳು ನಾವು. ಹೆಸರು ಕೇಳುವುದು ಎಷ್ಟು ದೊಡ್ಡದೆಂದು ನಮಗೆ ಗೊತ್ತು. ಅಷ್ಟು ದೊಡ್ಡದನ್ನು ಕೇಳಿದವಳನ್ನು ಕರಗಿಸಿ, ಯಜಮಾನನ ಮಗನ ದುಃಖಕ್ಕೆ ಔಷಧಿ ಮಾಡಿದ್ದಾರೆ. ಇದು ಜಪಾನಿನ ರೋಗವೂ ಅಲ್ಲ. ಅನಂತಮೂರ್ತಿಯವರ 'ಭಾರತೀಪುರ'ದಲ್ಲಿ ಜಗನ್ನಾಥ ಹೊಲೆಯರನ್ನು ಗುಡಿಯೊಳಕ್ಕೆ ಕರೆದೊಯ್ಯಲು ಹೊರಟದ್ದರಲ್ಲಿ ಅವರ ಬಿಡುಗಡೆ ಎಷ್ಟು, ಅವನ ಬಿಡುಗಡೆ ಎಷ್ಟು? ಆ ಕಾದಂಬರಿ ಈ ಪ್ರಶ್ನೆಯನ್ನು ತಾನೇ ಅನುಮಾನದಿಂದ ನೋಡುತ್ತದೆ ಎಂಬ ನ್ಯಾಯವನ್ನು ಅದಕ್ಕೆ ಕೊಡುತ್ತೇವೆ. 'ಎವಾಂಗೆಲಿಯನ್'ಗೆ ಆ ಅನುಮಾನವೂ ಬಂದಿಲ್ಲ. ಒಬ್ಬರು ಎಚ್ಚರಗೊಳ್ಳಲು ಇನ್ನೊಬ್ಬರು ಸಾಯಬೇಕು, ಸಾಯುವವರು ಯಾವಾಗಲೂ ದುಡಿದವರೇ ಆಗಬೇಕು ಎಂಬ ಕಥನದ ಚಾಳಿಗೆ ನಮ್ಮ ಧಿಕ್ಕಾರವಿದೆ.

ಕೊನೆಯಲ್ಲಿ ಅಪ್ಪ ಮಗ ಹೊಡೆದಾಡಿ, ಹೊಡೆದಾಟದಿಂದ ಆಗದೆಂದು ಕೂತು ಮಾತಾಡುತ್ತಾರೆ. ಗೆಂಡೊ ತಾನೂ ಒಂಟಿಯಾಗಿ ಬೆಳೆದವನು ಎಂದು ಒಪ್ಪಿಕೊಳ್ಳುತ್ತಾನೆ. ಎವಾಗಳೇ ಇಲ್ಲದ ಲೋಕವನ್ನು ಮಗ ಕೇಳಿಕೊಳ್ಳುತ್ತಾನೆ. ದೊಡ್ಡವನಾಗಿ, ಕೋಟು ತೊಟ್ಟು, ನಿರ್ದೇಶಕನ ಹುಟ್ಟೂರಾದ ಉಬೆಯ ರೈಲು ನಿಲ್ದಾಣದಿಂದ ಗೆಳತಿಯ ಕೈಹಿಡಿದು ಓಡುತ್ತಾನೆ. ಬರೆದ ಚಿತ್ರ ಹೋಗಿ ನಿಜವಾದ ಊರು, ನಿಜವಾದ ಕಾರ್ಖಾನೆಗಳು ಕಾಣುತ್ತವೆ. ಇದರ ಬಗ್ಗೆ ನಮ್ಮಲ್ಲಿ ಒಮ್ಮತವಿಲ್ಲ. ಯಂತ್ರದಿಂದ ಮಗುವನ್ನು ಇಳಿಸಿದನಲ್ಲ, ಅದೇ ಸಾಕು ಎಂದರು ಮೇಷ್ಟ್ರು. ಅಪ್ಪನ ಒಂಟಿತನ ಕೇಳಿ ಅಪ್ಪನ ಅಪರಾಧ ಮರೆಯಬೇಕೆ ಎಂದು ಕಾಲೇಜು ಹುಡುಗಿ ಜಗಳಕ್ಕೆ ನಿಂತಳು. ರಾತ್ರಿ ಒಂದು ಗಂಟೆಯವರೆಗೂ ಅದೇ ಆಯಿತು. ನೋಟ್ಸಿನಲ್ಲಿ ಚಿತ್ರ ಬರೆದಿದ್ದ ಹುಡುಗ ಮಾತ್ರ, 'ಆ ಹುಡ್ಗಿಗೆ ಒಂದು ಹೆಸ್ರು ಇಡಬೋದಿತ್ತು ಸಾ' ಎಂದು ಎರಡು ಸಲ ಹೇಳಿ ನಿದ್ದೆಹೋದ.

ಬಿ.ವಿ. ಕಾರಂತರು 1975ರಲ್ಲಿ ಮಾಡಿದ 'ಚೋಮನ ದುಡಿ'ಯನ್ನು ಈ ಮಕ್ಕಳು ನೋಡಿಲ್ಲ. ಮುಂದಿನ ಸಲ ಅದೇ ಪಂಚೆಯ ಮೇಲೆ ಅದನ್ನು ಹಾಕುತ್ತೇವೆ. ನಾಟಿ ಮುಗಿದಿದ್ದರೆ ಬರುತ್ತೇನೆ ಎಂದಿದ್ದಾರೆ ದೊಡ್ಡವ್ವ.