ಸತ್ತ ಇಲಿಗೆ ಸುಗಂಧದ ಮುಸುಕು

ಸೌದಿ ಅರೇಬಿಯಾದ ದಹ್ರಾನ್ ಸುತ್ತಮುತ್ತಲ ಎಣ್ಣೆ ಮತ್ತು ಗ್ಯಾಸ್ ಘಟಕಗಳಲ್ಲಿ ಕೆಲಸಕ್ಕೆ ಸೇರುವವರಿಗೆ ಮೊದಲು ಕಲಿಸುವ ಪಾಠಗಳಲ್ಲಿ ಹೈಡ್ರೋಜನ್ ಸಲ್ಫೈಡಿನದ್ದು ಒಂದು. ಈ ಅನಿಲ ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ಆದರೆ ಪ್ರಮಾಣ 100 ಪಿಪಿಎಂ ಮುಟ್ಟಿದರೆ ಕೆಲವೇ ನಿಮಿಷಗಳಲ್ಲಿ ಮೂಗು ಸೋತುಹೋಗುತ್ತದೆ. ನಾತ ಹೋಯಿತು, ಗ್ಯಾಸೂ ಹೋಯಿತು ಎಂದುಕೊಂಡವನು ಪ್ರಾಣ ಕಳೆದುಕೊಳ್ಳುತ್ತಾನೆ. ಅದಕ್ಕಾಗಿಯೇ ಎದೆಗೆ ಪುಟ್ಟ ಡಿಟೆಕ್ಟರ್ ಸಿಕ್ಕಿಸಿಕೊಂಡು ಓಡಾಡಬೇಕು, ಅದು ಕೂಗಿದರೆ ಜಾಗ ಬಿಡಬೇಕು, ಎಲ್ಲಿ ಸೋರುತ್ತಿದೆ ಎಂದು ಪತ್ತೆಯಾಗುವವರೆಗೆ ಕೆಲಸ ಮುಟ್ಟಬಾರದು. ಇಷ್ಟು ಶಿಸ್ತಿರುವ ಊರಿನಲ್ಲಿ, ಮನೆಯ ಫಾಲ್ಸ್ ಸೀಲಿಂಗಿನಿಂದ ಸತ್ತ ಇಲಿಯ ನಾತ ಇಳಿಯತೊಡಗಿದರೆ ಇಲ್ಲಿರುವ ನಮ್ಮ ಕನ್ನಡಿಗರಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸ ರೂಮ್ ಫ್ರೆಶ್ನರ್ ಹೊಡೆಯುವುದು. ಕೊಳೆಯುವ ಇಲಿಯಿಂದ ಏಳುವ ಗಾಳಿಯಲ್ಲೂ ಅದೇ ಹೈಡ್ರೋಜನ್ ಸಲ್ಫೈಡ್ ಇರುತ್ತದೆ, ಜೀವಕ್ಕೆ ಅಪಾಯವಿಲ್ಲದಷ್ಟು ಕಡಿಮೆ. ಅಪಾಯ ಕಡಿಮೆ ಎಂಬ ಕಾರಣಕ್ಕೆ ಹುಡುಕುವುದನ್ನೇ ಬಿಟ್ಟಿದ್ದೇವೆ. ನನ್ನ ತಕರಾರು ಇರುವುದು ಇಲ್ಲಿ. ಸತ್ತ ಪ್ರಾಣಿಯ ನಾತ ಕಳೆಯಲು ನಾವು ಮಾಡುವ ಉಪಾಯಗಳಲ್ಲಿ ಹೆಚ್ಚಿನವು ಮೂಗನ್ನು ಸಮಾಧಾನಪಡಿಸುತ್ತವೆ, ಪ್ರಾಣಿಯನ್ನು ಹಾಗೇ ಬಿಡುತ್ತವೆ.

ಈ ಊರಿನ ಹವೆ ಮತ್ತು ಮನೆಗಳ ರಚನೆ ಸಮಸ್ಯೆಯನ್ನು ಇನ್ನಷ್ಟು ಬಿಗಿಗೊಳಿಸುತ್ತವೆ. ಕೊಲ್ಲಿಯ ತೇವ ಇಲ್ಲಿ ಎಷ್ಟು ದಟ್ಟ ಎಂದರೆ 2003ರ ಜುಲೈ 8ರಂದು ದಹ್ರಾನಿನಲ್ಲಿ ದಾಖಲಾದ ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣತೆ, 35 ಡಿಗ್ರಿ ಸೆಲ್ಸಿಯಸ್. ಜಗತ್ತಿನಲ್ಲೇ ಅತಿ ಹೆಚ್ಚು ಎಂದು ಹವಾಮಾನದವರು ಇಂದಿಗೂ ಉದಾಹರಿಸುವ ಅಂಕಿ ಅದು. ಒಣ ಮರಳುಗಾಡಿನ ಬಿಸಿಲಿಗೆ ಸಿಕ್ಕ ಸಣ್ಣ ಕಳೇಬರ ಬೇಗ ಒಣಗಿ ಚಕ್ಕಳವಾಗುತ್ತದೆ. ಜಿಪ್ಸಮ್ ಹಲಗೆಯ ಮೇಲೆ, ಎಸಿಯ ತಂಪು ಮತ್ತು ತೇವದಲ್ಲಿ ಬಿದ್ದದ್ದು ಹಾಗೆ ಒಣಗುವುದಿಲ್ಲ, ನಿಧಾನವಾಗಿ ಕೊಳೆಯುತ್ತದೆ. ಸಣ್ಣ ಇಲಿಯಾದರೆ ವಾರ ಹತ್ತು ದಿನ, ಹೆಗ್ಗಣವಾದರೆ ಎರಡು ಮೂರು ವಾರ ನಾತ ಬಿಡುವುದಿಲ್ಲ. ಬೇಸಿಗೆಯಲ್ಲಿ ಕಿಟಕಿ ತೆರೆಯುವಂತಿಲ್ಲ. ಇದ್ದ ಗಾಳಿಯನ್ನೇ ಎಸಿ ಹೀರಿ ಮತ್ತೆ ಮತ್ತೆ ಊದುತ್ತದೆ. ಡಕ್ಟ್ ಇರುವ ಎಷ್ಟೋ ಮನೆಗಳಲ್ಲಿ ಎಸಿಯ ಬ್ಲೋವರ್ ಕೂತಿರುವುದು ಬಚ್ಚಲುಮನೆಯ ಸೀಲಿಂಗಿನ ಮೇಲೆ. ಇಲಿ ಸತ್ತಿರುವುದು ಅದರ ಪಕ್ಕದಲ್ಲಿ, ನಾತ ಹೊರಬೀಳುವುದು ಮಲಗುವ ಕೋಣೆಯ ಜಾಲರಿಯಿಂದ. ಮನೆಯವರು ಮಂಚ, ಬೀರು, ಸೋಫಾ ಎಲ್ಲ ಎಳೆದು ಹುಡುಕಿ ಸೋತು, ಕೊನೆಗೆ ಪರಿಮಳದ ಡಬ್ಬಿಗೆ ಕೈಹಾಕುತ್ತಾರೆ.

ಊರಿನಲ್ಲಿ, ಕರ್ನಾಟಕ ಕರಾವಳಿಯ ಹಂಚಿನ ಮನೆಯಲ್ಲಿ ಬೆಳೆದವರಿಗೆ ಈ ಕಷ್ಟ ಗೊತ್ತಿರಲಿಲ್ಲ. ಹಂಚಿನ ಸಂದಿಯಿಂದ ಗಾಳಿ ಆಡುತ್ತಿತ್ತು. ನಾತ ಬಂದರೆ ಯಾರಾದರೂ ಅಟ್ಟ ಹತ್ತಿ, ತೆಂಗಿನಕಾಯಿ ರಾಶಿ ಸರಿಸಿ, ಬಾಲ ಹಿಡಿದು ಎತ್ತಿ ತಂದು ತೋಟದಲ್ಲಿ ಹೂಳುತ್ತಿದ್ದರು. ಮೇಲೆ ಒಂದು ಹಿಡಿ ಸುಣ್ಣ. ಸುಣ್ಣದಿಂದ ಕಳೇಬರ ಬೇಗ ಕರಗುತ್ತದೆ ಎಂಬ ನಂಬಿಕೆ ಸರಿಯಲ್ಲ. ಹಂದಿಯ ಕಳೇಬರಗಳನ್ನು ಹೂತು ನಡೆಸಿದ ಪ್ರಯೋಗಗಳಲ್ಲಿ ಸುಣ್ಣ ಕೊಳೆಯುವುದನ್ನು ತಡಮಾಡಿದ್ದೇ ಕಂಡಿತು. ಆದರೂ ಆ ಪದ್ಧತಿಯ ಮುಖ್ಯ ಭಾಗ ಸರಿಯಾಗಿಯೇ ಇತ್ತು: ಮೊದಲು ಹುಡುಕು, ಎತ್ತು, ಹೂಳು. ಸಾಂಬ್ರಾಣಿ ಹಾಕುವುದು ಆಮೇಲಿನ ಮಾತಾಗಿತ್ತು.

ಮೈಸೂರು ಸೀಮೆಯಲ್ಲಿ ಇದಕ್ಕಿಂತ ಗಂಭೀರವಾದ ನೆನಪಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಮುಂದಿನ ವರ್ಷಗಳಲ್ಲಿ ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನ ಪಾತ್ರೆಪಗಡೆ ಕಟ್ಟಿಕೊಂಡು ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇಲಿಯ ಮೈಯ ಚಿಗಟದಿಂದ ರೋಗ ಹರಡುತ್ತದೆ ಎಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋಂ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದೂ 1898ರಲ್ಲೇ. ವಿಜ್ಞಾನದ ಮಂದಿ ಅದನ್ನು ಒಪ್ಪಲು ವರ್ಷಗಳೇ ಹಿಡಿದವು, ನಮ್ಮ ಹಳ್ಳಿಯವರು ಸತ್ತ ಇಲಿಯನ್ನು ಸುದ್ದಿಯೆಂದು ಓದಿ ಆಗಲೇ ಹೊರಟಿದ್ದರು. ಇಂದು ಪ್ಲೇಗಿನ ಭಯ ಇಲ್ಲದಿರಬಹುದು. ಇಲಿಯ ಮೈ ತಣ್ಣಗಾದ ಮೇಲೆ ಚಿಗಟ, ಉಣ್ಣಿ ಇಳಿದು ಬೇರೆ ಮೈ ಹುಡುಕುವುದು ಮಾತ್ರ ನಿಂತಿಲ್ಲ. ಅದರ ಮೂತ್ರದಿಂದ ಇಲಿಜ್ವರ ಹರಡುತ್ತದೆ ಎಂಬುದನ್ನು ದಕ್ಷಿಣ ಕನ್ನಡ, ಉಡುಪಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಮನೆಮನೆಯ ಉಪಾಯಗಳನ್ನು ನೋಡೋಣ. ಕೊಳೆತ ಮಾಂಸದ ನಾತ ಒಂದೇ ವಸ್ತುವಿನದ್ದಲ್ಲ. 1885ರಲ್ಲಿ ಬರ್ಲಿನ್ನಿನ ವೈದ್ಯ ಲುಡ್ವಿಗ್ ಬ್ರೀಗರ್ ವಿವರಿಸಿದ ಪ್ಯುಟ್ರೆಸಿನ್ ಮತ್ತು ಕಡಾವೆರಿನ್ ಎಂಬ ಅಮೀನುಗಳು ಅದರಲ್ಲಿವೆ. ಹೈಡ್ರೋಜನ್ ಸಲ್ಫೈಡಿನ ಜೊತೆಗೆ ಗಂಧಕದ ಬೇರೆ ಸಂಯುಕ್ತಗಳಿವೆ. ಹಳಸಿದ ಬೆಣ್ಣೆಯ ಕಮಟು ತರುವ ಬ್ಯುಟಿರಿಕ್ ಆಮ್ಲವಿದೆ, ಇಂಡೋಲ್ ಇದೆ. ಒಂದು ಮದ್ದು ಇವೆಲ್ಲಕ್ಕೂ ನಾಟುವುದಿಲ್ಲ. ಕೋಣೆಯಲ್ಲಿ ವಿನೆಗರ್ ಬಟ್ಟಲು ಇಡುವವರ ಕ್ರಮದಲ್ಲಿ ಅರ್ಧ ಸತ್ಯವಿದೆ. ಮೀನು ತೊಳೆಯುವಾಗ ಲಿಂಬೆಯೋ ಹುಣಸೆಯೋ ಹಾಕಿದರೆ ವಾಸನೆ ಇಳಿಯುವುದು ಹುಳಿ ಅಮೀನನ್ನು ಹಿಡಿದು ಆವಿಯಾಗದಂತೆ ಮಾಡುವುದರಿಂದ. ಆದರೆ ಹಾಗೆ ಹಿಡಿಯಬೇಕಾದರೆ ಹುಳಿ ಮೀನಿಗೆ ತಾಗಬೇಕು. ಸೀಲಿಂಗಿನ ಮೇಲಿರುವ ಇಲಿಗೆ ಮೇಜಿನ ಮೇಲಿನ ವಿನೆಗರ್ ತಾಗುವುದೇ ಇಲ್ಲ. ಅಡುಗೆ ಸೋಡಾ ಆಮ್ಲದ ನಾತಕ್ಕೆ ಸರಿ, ಅಮೀನಿಗೆ ನಿರುಪಯೋಗಿ. ಇದ್ದಿಲು, ಅದರಲ್ಲೂ ಆಕ್ಟಿವೇಟೆಡ್ ಇದ್ದಿಲು, ಗಾಳಿಯಲ್ಲಿ ತೇಲುವುದನ್ನು ಸ್ವಲ್ಪ ಹೀರುತ್ತದೆ. ಪ್ರಾಣಿಯನ್ನು ತೆಗೆದ ಮೇಲೆ ಉಳಿದ ಶೇಷಕ್ಕೆ ಇದು ಒಳ್ಳೆಯ ಸಹಾಯಕ. ಕಾಫಿಪುಡಿ ಬರೀ ತನ್ನ ವಾಸನೆ ಸೇರಿಸುತ್ತದೆ.

ಬಖೂರ್ ಎಂಬ ಇಲ್ಲಿನ ಧೂಪದ ಬಗ್ಗೆ ಹೇಳುವಾಗ ನನಗೆ ಹಿಂಜರಿಕೆಯಿದೆ, ಏಕೆಂದರೆ ಅದು ನನಗೆ ಪ್ರಿಯವಾದದ್ದು. ಮಬ್ಖರಾ ಎಂಬ ಧೂಪದ ಪಾತ್ರೆಯ ಕೆಂಡದ ಮೇಲೆ ಊದಿನ ಚಕ್ಕೆ ಇಟ್ಟು ಅತಿಥಿಯ ಮುಂದೆ ಹಿಡಿಯುವ ಇಲ್ಲಿನ ಪದ್ಧತಿಯಲ್ಲಿ ದೊಡ್ಡ ಮರ್ಯಾದೆ ಇದೆ. ನಮ್ಮ ಸಾಂಬ್ರಾಣಿಗೆ, ಬ್ಯಾರಿ ಮನೆಗಳ ಲೋಬಾನಕ್ಕೆ ಇರುವ ಗೌರವವೂ ಅಂಥದ್ದೇ. ಆ ಹೊಗೆಯನ್ನು ಹೆಣದ ನಾತ ಮುಚ್ಚಲು ಬಳಸುವುದು ಹೊಗೆಗೇ ಅನ್ಯಾಯ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಸೂಕ್ಷ್ಮ ಕಣಗಳೂ ಕಾರ್ಬನ್ ಮೊನಾಕ್ಸೈಡೂ ತುಂಬಿಕೊಳ್ಳುತ್ತವೆ. ಉಬ್ಬಸವಿರುವ ಮಗು ಮನೆಯಲ್ಲಿದ್ದರೆ ಕಷ್ಟ ಇಮ್ಮಡಿ. ಹೂವಿನ ಸ್ಪ್ರೇಗಳದ್ದು ಇನ್ನೊಂದು ತೊಂದರೆ. ಮಲ್ಲಿಗೆಯ ಪರಿಮಳದಲ್ಲೇ ಅತ್ಯಲ್ಪ ಪ್ರಮಾಣದ ಇಂಡೋಲ್ ಇದೆ. ಕೊಳೆತದ ಮೇಲೆ ಮಲ್ಲಿಗೆ ಚಿಮುಕಿಸಿದರೆ ಎರಡೂ ಕಲೆತು ಮೂರನೆಯದೊಂದು ಅಸಹ್ಯ ಹುಟ್ಟುತ್ತದೆ. ಆಮೇಲೆ ಶಂಕರಪುರದ ಮಲ್ಲಿಗೆ ಮುಡಿದಾಗಲೂ ಹೊಟ್ಟೆ ತೊಳಸಿದರೆ ಆ ನಷ್ಟವನ್ನು ತುಂಬಿಕೊಡುವವರು ಯಾರು?

ಓಝೋನ್ ಯಂತ್ರವನ್ನು ಬಾಡಿಗೆಗೆ ತರುವವರೂ ಇದ್ದಾರೆ. ಆರೋಗ್ಯಕ್ಕೆ ಹಾನಿಯಾಗದ ಮಟ್ಟದಲ್ಲಿ ಓಝೋನ್ ಮನೆಯ ಗಾಳಿಯನ್ನು ಶುದ್ಧಿಮಾಡುವ ಸಾಮರ್ಥ್ಯ ತೀರ ಕಡಿಮೆ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಪರಿಣಾಮಕಾರಿ ಮಟ್ಟಕ್ಕೆ ಏರಿಸಿದರೆ ಅದು ಶ್ವಾಸಕೋಶವನ್ನೇ ಸುಡುತ್ತದೆ. ಮನೆಬಳಕೆಗೆ ಇದು ಬೇಡ. ಇದಕ್ಕಿಂತ ಅಪಾಯಕಾರಿಯಾದದ್ದು ಕ್ಲೋರಾಕ್ಸ್ ಬ್ಲೀಚ್ ಮತ್ತು ವಿನೆಗರ್ ಎರಡನ್ನೂ ಒಟ್ಟಿಗೆ ಸುರಿಯುವ ಉತ್ಸಾಹ. ಬ್ಲೀಚಿಗೆ ಹುಳಿ ಸೇರಿದರೆ ಕ್ಲೋರಿನ್ ಅನಿಲ, ಅಮೋನಿಯಾ ಇರುವ ಕ್ಲೀನರ್ ಸೇರಿದರೆ ಕ್ಲೋರಮೀನ್. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಎರಡೂ ಜೀವಕ್ಕೆ ಕುತ್ತು.

ನಿಜವಾಗಿ ವಿಮರ್ಶೆಗೆ ಗುರಿಯಾಗಬೇಕಾದದ್ದು ಇಷ್ಟಕ್ಕೂ ಹಿಂದಿನ ಒಂದು ಅಭ್ಯಾಸ: ಇಲಿ ಪಾಷಾಣ. ಹಾಳಾದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತಸ್ರಾವದಿಂದ ಸಾಯುತ್ತಿದ್ದ ಕಾರಣವನ್ನು ಹುಡುಕುತ್ತ ಹೊರಟ ಅಮೆರಿಕದ ವಿಸ್ಕಾನ್ಸಿನ್ನಿನ ಜೀವರಸಾಯನ ತಜ್ಞ ಕಾರ್ಲ್ ಪಾಲ್ ಲಿಂಕ್ ಪ್ರಯೋಗಾಲಯದಿಂದ ವಾರ್ಫರಿನ್ ಬಂತು, 1948ರಲ್ಲಿ ಇಲಿಮದ್ದಾಗಿ ಮಾರುಕಟ್ಟೆ ಸೇರಿತು. ಈಗ ಸಿಗುವ ಬ್ರೊಮಾಡಿಯೊಲೋನ್, ಬ್ರೊಡಿಫಕೂಮ್ ಅದೇ ವಂಶದ ಹೆಚ್ಚು ಬಲವಾದ ವಿಷಗಳು. ಇವನ್ನು ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಮೂರರಿಂದ ಏಳು ದಿನ ಬದುಕಿರುತ್ತದೆ. ಹುಷಾರು ತಪ್ಪಿದಾಗ ತನ್ನ ಗೂಡಿಗೇ ಹೋಗಿ ಮಲಗುತ್ತದೆ. ಆ ಗೂಡು ಇರುವುದು ನಿಮ್ಮ ಸೀಲಿಂಗಿನ ಮೇಲೆ. ಪಾಷಾಣ ತಿಂದ ಇಲಿ ಬಾಯಾರಿ ನೀರು ಹುಡುಕಿಕೊಂಡು ಹೊರಗೆ ಹೋಗುತ್ತದೆ ಎಂದು ಅಂಗಡಿಯವರು ಭರವಸೆ ಕೊಡುತ್ತಾರೆ. ಇದಕ್ಕೆ ಆಧಾರವಿಲ್ಲ. ನೀರು ಬೇಕಾದರೂ ಎಸಿಯ ಡ್ರೈನ್ ಟ್ರೇಯಲ್ಲೇ ಇದೆ. ವಿಷ ಉಂಡ ಇಲಿಯನ್ನು ಬೀದಿಯ ಬೆಕ್ಕು ತಿಂದರೆ ವಿಷ ಅದಕ್ಕೂ ದಾಟುತ್ತದೆ. ಆ ಬೆಕ್ಕು ಪಂಪಿನ ಕೋಣೆಯಲ್ಲೋ ಮೆಟ್ಟಿಲ ಕೆಳಗೋ ಸತ್ತರೆ ಇನ್ನೊಂದು ನಾತ, ಇನ್ನೊಂದು ಹುಡುಕಾಟ. ಮನೆಯೊಳಗೆ ಪಾಷಾಣ ಇಡುವುದೆಂದರೆ ಹತ್ತು ದಿನ ಕಳೆದು ಬರುವ ದುರ್ನಾತಕ್ಕೆ ಇಂದೇ ಒಪ್ಪಿಗೆ ಕೊಟ್ಟಂತೆ. ಬೋನು ಇಡಿ, ಇಲ್ಲವೇ ಸ್ಪ್ರಿಂಗ್ ಕತ್ತರಿ ಇಡಿ. ಸತ್ತದ್ದು ಎಲ್ಲಿದೆ ಎಂದಾದರೂ ತಿಳಿದಿರುತ್ತದೆ. ಅಂಟಿನ ಹಲಗೆಯನ್ನು ನಾನು ಒಪ್ಪುವುದಿಲ್ಲ. ಅದರ ಮೇಲೆ ಇಲಿ ಗಂಟೆಗಟ್ಟಲೆ ನರಳಿ ಸಾಯುತ್ತದೆ, ಅದನ್ನು ನೋಡುವ ಮಕ್ಕಳಿಗೆ ನಾವು ಕೊಡಬಹುದಾದ ಉತ್ತರ ನನ್ನಲ್ಲಿಲ್ಲ.

ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮನೆಗೆ ತರಲೇಬಾರದು. ಧಾನ್ಯದ ಗೋದಾಮಿಗೆಂದು ಮಾಡಿದ ಈ ಮಾತ್ರೆ ಗಾಳಿಯ ತೇವಕ್ಕೆ ಫಾಸ್ಫಿನ್ ಅನಿಲ ಬಿಡುತ್ತದೆ. ಪಕ್ಕದ ಫ್ಲ್ಯಾಟಿನಲ್ಲಿಟ್ಟ ಮಾತ್ರೆಯ ಅನಿಲ ಡಕ್ಟಿನಲ್ಲಿ, ಗೋಡೆಯ ಬಿರುಕಿನಲ್ಲಿ ದಾಟಿ ಬಂದು ಮಲಗಿದ್ದ ಮಕ್ಕಳನ್ನು ಕೊಂದ ಪ್ರಕರಣಗಳು ಸೌದಿಯಲ್ಲೇ ನಡೆದಿವೆ. ಮಾರುಕಟ್ಟೆಯ ಫಾಸ್ಫಿನ್ ವಾಸನೆ ಬೆಳ್ಳುಳ್ಳಿಯ ಅಥವಾ ಕೊಳೆತ ಮೀನಿನ ಹಾಗಿರುತ್ತದೆ. ಇದನ್ನು ಸತ್ತ ಪ್ರಾಣಿಯ ನಾತವೆಂದು ತಿಳಿದು ಬಖೂರ್ ಹಚ್ಚಿ ಮಲಗುವ ಮನೆಯನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಪರಿಮಳದಿಂದ ಮುಚ್ಚುವ ಅಭ್ಯಾಸದ ಮೇಲೆ ನನ್ನ ಆಕ್ಷೇಪಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ. ತಲೆನೋವು, ವಾಂತಿ, ಉಸಿರಾಟದ ಕಷ್ಟ ಜೊತೆಗಿದ್ದರೆ ಹುಡುಕುತ್ತ ಕೂರದೆ ಎಲ್ಲರೂ ಹೊರಗೆ ಬರಬೇಕು, ಆಸ್ಪತ್ರೆಗೆ ಹೋಗಬೇಕು.

ಹುಡುಕುವ ಕೆಲಸಕ್ಕೆ ತಾಳ್ಮೆ ಬೇಕು. ಒಂದೇ ಕೋಣೆಯಲ್ಲಿ ಕೂತ ಮೂಗು ಬೇಗ ಒಗ್ಗಿಹೋಗುತ್ತದೆ. ಕಾಲು ಗಂಟೆ ಹೊರಗೆ ನಿಂತು ಬಂದು ಮೊದಲ ಉಸಿರಿನಲ್ಲೇ ಗಮನಿಸಬೇಕು. ಎಸಿ ನಿಲ್ಲಿಸಿ ಪ್ರತಿ ಜಾಲರಿಗೂ ಪ್ಲಾಸ್ಟಿಕ್ ಹಾಳೆ ಅಂಟಿಸಿ ಅರ್ಧ ಗಂಟೆ ಬಿಟ್ಟು ಒಂದೊಂದಾಗಿ ತೆಗೆದು ಮೂಸಿದರೆ ದಿಕ್ಕು ಸಿಗುತ್ತದೆ. ಮುಚ್ಚಿದ ಮನೆಯಲ್ಲಿ ಹೊಳೆಯುವ ಹಸಿರು-ನೀಲಿ ನೊಣಗಳು ಇದ್ದಕ್ಕಿದ್ದಂತೆ ಕಂಡರೆ ಅವು ಸೀಲಿಂಗಿನ ಯಾವ ದೀಪದ ಸಂದಿಯಿಂದ ಇಳಿಯುತ್ತಿವೆ ನೋಡಿ. ಅವುಗಳ ಮೂಗು ನಮ್ಮದಕ್ಕಿಂತ ಚುರುಕು. ಜಿಪ್ಸಮ್ ಮೇಲೆ ಚಹಾ ಚೆಲ್ಲಿದಂತೆ ಕಂದು ಕಲೆ ಮೂಡಿದ್ದರೆ ಹುಡುಕಾಟ ಮುಗಿಯಿತು. ನೆರೆಮನೆಯೊಂದರಲ್ಲಿ ಟೆಕ್ನೀಶಿಯನ್ ಬಚ್ಚಲ ಮೇಲಿನ ಮುಚ್ಚಳ ಸರಿಸಿ ಟಾರ್ಚ್ ಬಿಟ್ಟಾಗ ನಾನು ಏಣಿ ಹಿಡಿದಿದ್ದೆ. ಹೆಗ್ಗಣ ಡ್ರೈನ್ ಟ್ರೇಯ ಅಂಚಿಗೆ ಗದ್ದ ಊರಿ ಬಿದ್ದಿತ್ತು. ಕೆಳಗಿನ ಗ್ಲಾಸ್‌ವೂಲ್ ಒಂದು ಮೊಳದಷ್ಟು ಒದ್ದೆಯಾಗಿ ಕಪ್ಪಾಗಿತ್ತು. ಅವನು ಇಲಿಯನ್ನಷ್ಟೇ ಎತ್ತಿ ಇಳಿಯಲು ಹೊರಟಿದ್ದ. ಮನೆಯಾಕೆ, “ಅಣ್ಣಾ, ಆ ಒದ್ದೆ ಹತ್ತಿಯನ್ನೂ ತೆಗೀರಿ, ಬೇರೆ ತರಿಸ್ತೇನೆ” ಎಂದರು. ಅಂದು ಅಲ್ಲಿ ನಡೆದದ್ದರಲ್ಲಿ ಅತ್ಯಂತ ಬುದ್ಧಿವಂತಿಕೆಯ ಮಾತು ಅದೇ.

ಹೆಚ್ಚಿನ ಮನೆಗಳಲ್ಲಿ ತಪ್ಪಿಹೋಗುವ ಹಂತವೂ ಅದೇ. ಕಳೇಬರ ಹೋದರೂ ಅದರಿಂದ ಸೋರಿದ ರಸ ಜಿಪ್ಸಮ್‌ಗೆ, ಇನ್ಸುಲೇಶನ್‌ಗೆ ಇಳಿದಿರುತ್ತದೆ. ಅವನ್ನು ಕತ್ತರಿಸಿ ಬಿಸಾಡಬೇಕು. ಕೈಗೆ ಗ್ಲೌಸು, ಮೂಗಿಗೆ ಮಾಸ್ಕ್. ಒಣಗಿದ್ದನ್ನು ಗುಡಿಸಬಾರದು, ವ್ಯಾಕ್ಯೂಮ್ ಹಿಡಿಯಬಾರದು. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ತೋಯಿಸಿ, ಐದು ನಿಮಿಷ ಬಿಟ್ಟು, ಚೀಲವನ್ನು ಒಳಹೊರಗು ಮಾಡಿ ಕೈಗೆ ಹಾಕಿಕೊಂಡು ಎತ್ತಿ, ಇನ್ನೊಂದು ಚೀಲದಲ್ಲಿ ಕಟ್ಟಬೇಕು. ಕಾಂಕ್ರೀಟಿನ ಕಲೆಗೆ ಎಂಜೈಮ್ ಕ್ಲೀನರ್ ಒಳ್ಳೆಯದು, ಬ್ಲೀಚನ್ನು ಪೂರ್ತಿ ತೊಳೆದ ಮೇಲೆ ಹಾಕಿ ಗಂಟೆಗಟ್ಟಲೆ ತೇವವಾಗಿಟ್ಟರೆ ಮಾತ್ರ. ಗಂಧಕದ ನಾತ ಜಗ್ಗದಿದ್ದರೆ ಅಮೆರಿಕದ ರಸಾಯನ ತಜ್ಞ ಪಾಲ್ ಕ್ರೆಬಾಮ್ 1993ರಲ್ಲಿ ಸ್ಕಂಕ್ ಎಂಬ ಪ್ರಾಣಿಯ ನಾತಕ್ಕಾಗಿ ಪ್ರಕಟಿಸಿದ ಮಿಶ್ರಣ ನೆರವಾಗುತ್ತದೆ: ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್ ಒಂದು ಲೀಟರ್, ಕಾಲು ಕಪ್ ಅಡುಗೆ ಸೋಡಾ, ಒಂದು ಚಮಚ ಪಾತ್ರೆ ತೊಳೆಯುವ ದ್ರವ. ಅದು ನಾತವನ್ನು ಮುಚ್ಚುವುದಿಲ್ಲ, ಗಂಧಕದ ಅಣುವನ್ನೇ ಆಕ್ಸಿಡೈಸ್ ಮಾಡಿ ವಾಸನೆಯಿಲ್ಲದ್ದಾಗಿಸುತ್ತದೆ. ಬೆರೆಸಿದ ಕೂಡಲೇ ಬಳಸಬೇಕು. ಬಾಟಲಿಯಲ್ಲಿ ಮುಚ್ಚಿಟ್ಟರೆ ಒತ್ತಡಕ್ಕೆ ಸಿಡಿಯುತ್ತದೆ. ಎರಕದ ಗೋಡೆಯೊಳಗೆ ಸಿಕ್ಕಿಬಿದ್ದು ತೆಗೆಯಲು ಆಗದೇ ಹೋದರೆ ಎಕ್ಸಾಸ್ಟ್ ಫ್ಯಾನ್, ಇದ್ದಿಲು ಮತ್ತು ಎರಡು ಮೂರು ವಾರದ ಸಹನೆ ಬಿಟ್ಟು ಬೇರೆ ದಾರಿಯಿಲ್ಲ. ಮೂರೇ ದಿನದಲ್ಲಿ ನಿವಾರಣೆ ಎಂದು ಡಬ್ಬಿ ಮಾರುವವರ ಮಾತಿಗೆ ದುಡ್ಡು ಸುರಿಯಬೇಡಿ.

ಏಣಿ ಹತ್ತುವವನ ಬಗ್ಗೆಯೂ ಯೋಚಿಸಬೇಕು. ಕಟ್ಟಡದ ಕಾವಲುಗಾರ ಹಾರಿಸ್ ಇರಲಿ, ಮೇಂಟೆನೆನ್ಸ್ ಹುಡುಗ ಇರಲಿ, ಅವನೂ ನಮ್ಮಂತೆ ಊರು ಬಿಟ್ಟು ಬಂದವನು. ಬರಿಗೈಯಲ್ಲಿ ಎತ್ತಲು ಅವನನ್ನು ಮೇಲೆ ಹತ್ತಿಸಬಾರದು. ಗ್ಲೌಸು, ಮಾಸ್ಕ್ ನಾವೇ ತಂದಿಡಬೇಕು, ಇಳಿದ ಮೇಲೆ ಸೋಪು, ಬಿಸಿನೀರು ಕೊಡಬೇಕು. ಅವನು ಹೋಗುವ ಮೊದಲು ಎಸಿಯ ತಾಮ್ರದ ಪೈಪು ಗೋಡೆ ದಾಟುವ ತೂತನ್ನು ತೋರಿಸಿ. ಎರಡು ಸೆಂಟಿಮೀಟರ್ ಸಂದಿಯಲ್ಲಿ ಹೆಗ್ಗಣ ನುಸುಳುತ್ತದೆ, ಪೆನ್ಸಿಲ್ ಹಿಡಿಸುವಷ್ಟು ಸಂದಿ ಚಿಟ್ಟಿಲಿಗೆ ಸಾಕು. ಫೋಮ್ ತುಂಬಿದರೆ ಇಲಿ ಕಡಿದು ಹಾಕುತ್ತದೆ. ಸ್ಟೀಲ್‌ವೂಲ್ ಒತ್ತಿ ತುರುಕಿ, ಮೇಲೆ ಸಿಮೆಂಟ್ ಹಚ್ಚಿಸಿ.