ದಿನಕ್ಕೊಂದು ಅಧ್ಯಾಯ

ಕನ್ನಡ ಬೈಬಲ್, ಅಂದರೆ ಸತ್ಯವೇದ, ಕಪಾಟಿನಲ್ಲಿಡುವುದಕ್ಕಿಂತ ದಿನಬಳಕೆಗೆ ಒದಗುವ ಪುಸ್ತಕ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕೈಹಾಕಿದ ಅನುವಾದ 1831ರ ಹೊತ್ತಿಗೆ ಪೂರ್ತಿಯಾಯಿತು. ಆಮೇಲೆ ಹಲವು ಸಲ ಪರಿಷ್ಕಾರಗೊಂಡಿತು. ಪ್ರತಿ ವಚನಕ್ಕೂ ಅಂಕಿಯಿರುವುದರಿಂದ ನಿನ್ನೆ ನಿಂತಲ್ಲಿಂದಲೇ ಇಂದು ಹೊರಡಬಹುದು. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯಗಳಿವೆ; ತಾರೀಖು ನೋಡಿ ಪುಟ ತೆರೆದರೆ ತಿಂಗಳಿಗೊಂದು ಸುತ್ತು. ಕೀರ್ತನೆಗಳು 150, ದಿನಕ್ಕೆ ಐದರಂತೆ 30 ದಿನ. 119ನೆಯದು ಮಾತ್ರ 176 ವಚನಗಳದ್ದು, ಒಂದೇ ಸಲ ಕೂತು ಮುಗಿಸುವುದು ಜಾಣತನವಲ್ಲ. ಹೀಬ್ರೂವಿನ 22 ಅಕ್ಷರಗಳಿಗೆ ತಲಾ ಎಂಟು ವಚನದಂತೆ ಅದನ್ನು ಹೆಣೆಯಲಾಗಿದೆ. ಒಮ್ಮೆಗೆ ಎಂಟೇ ವಚನ ಸಾಕು. ಓದಿ, ಮನ ತಟ್ಟಿದ ವಚನದಲ್ಲಿ ತಂಗಿ, ಅದನ್ನೇ ಪ್ರಾರ್ಥನೆಯಾಗಿಸಿ, ಸುಮ್ಮನೆ ಕೂರುವುದು ಹಳೆಯ ಮಠಗಳ ಕ್ರಮ. ನಂಬಿಕೆ ಬಲಿಯುವುದು ಈ ನಿಧಾನದಲ್ಲಿ. ಪುಟ ಲೆಕ್ಕ ಹಾಕುವವರಿಗೆ ಅದು ದಕ್ಕುವುದು ಕಷ್ಟ.

  ಮನೆಯ ಓದಿನಂತೆ ಚರ್ಚಿನ ಓದಿಗೂ ಒಂದು ಸುತ್ತುಂಟು. ಕಥೋಲಿಕರ ಭಾನುವಾರದ ಪೂಜೆಯಲ್ಲಿ ವಾಚನಗಳು ಮೂರು ವರ್ಷಕ್ಕೊಮ್ಮೆ ಮರಳುತ್ತವೆ: ಮೊದಲ ವರ್ಷ ಮತ್ತಾಯ, ಎರಡನೆಯದು ಮಾರ್ಕ, ಮೂರನೆಯದು ಲೂಕ. ಯೋಹಾನನ ಪಾಲು ಹೆಚ್ಚಾಗಿ ತಪಸ್ಸುಕಾಲ ಮತ್ತು ಪಾಸ್ಖದ ದಿನಗಳು.