ಹಟ್ಟಿಯ ದೀಪವೂ ಚಲನೆಯ ಸೆನ್ಸರುಗಳೂ

ನಮ್ಮ ಮನೆಯ ಜಗಲಿಯಿಂದ ಹಟ್ಟಿಗಿರುವ ದಾರಿ ಮೂವತ್ತು ಹೆಜ್ಜೆಗೆ ಮೀರಿದ್ದಲ್ಲ. ಪುತ್ತೂರಿನ ದರ್ಬೆಯಲ್ಲಿ, ಮಾಣಿ–ಮೈಸೂರು ಹೆದ್ದಾರಿಯ ಲಾರಿಗಳ ಸದ್ದು ಕೇಳಿಸುವಷ್ಟು ಸಮೀಪದಲ್ಲಿಯೇ ಇದ್ದರೂ, ಅಂಗಳದ ಅಂಚಿನ ಬಾಳೆಗಳನ್ನು ಬಳಸಿ, ಮುರಕಲ್ಲಿನ ಮೂರು ಮೆಟ್ಟಿಲುಗಳನ್ನಿಳಿದು, ಅಡಕೆಯ ತೋಟಕ್ಕೆ ತಾಗಿಕೊಂಡೇ ಸಾಗುವ ಆ ದಾರಿ ನಸುಕಿನಲ್ಲಿ ಕಗ್ಗತ್ತಲೆಯದು. ನಾಲ್ಕೂವರೆಗೆ ಹಾಲು ಕರೆಯಹೊರಡುವ ಅಕ್ಕನ ಒಂದು ಕೈಯಲ್ಲಿ ಪಾತ್ರೆಯೂ ಇನ್ನೊಂದರಲ್ಲಿ ಹಿಂಡಿಯ ಬಾಲ್ದಿಯೂ ಇರುವುದರಿಂದ ಟಾರ್ಚಿಗೆ ಕೈ ತೆರವಿರುವುದಿಲ್ಲ. ಕಾಲೇಜಿನ ಓದಿನ ನಡುವೆ ಸೋಲ್ಡರಿಂಗ್ ಐರನ್ ಹಿಡಿದು ಕೂರುವ ಅವಳ ಮಗ, ತಾಯಿಯ ಬರವನ್ನು ತಾನಾಗಿ ಅರಿತು ಹೊತ್ತಿಕೊಳ್ಳುವ ದೀಪವೊಂದನ್ನು ಮಾಡಿಕೊಡುವೆನೆಂದು ಏಪ್ರಿಲ್ ತಿಂಗಳಲ್ಲಿ ಹೊರಟನು. ಆ ಒಂದು ದೀಪದ ನಿಮಿತ್ತದಿಂದ, ಹವ್ಯಾಸಿಗಳ ಕೈಯಲ್ಲಿ ಇಂದು ಓಡಾಡುತ್ತಿರುವ ಚಲನೆಯ ಸೆನ್ಸರುಗಳನ್ನು ಒಂದೊಂದಾಗಿ ಪರೀಕ್ಷಿಸಿ ನೋಡುವ ಅವಕಾಶ ನನಗೂ ಒದಗಿತು. ಅವುಗಳನ್ನು ನಾವು ಆರಿಸಿಕೊಳ್ಳುವ ಕ್ರಮದಲ್ಲಿಯೇ ಒಂದು ದೋಷವುಂಟೆಂದು ನನಗೆ ಮನವರಿಕೆಯಾದುದೂ ಆಗಲೇ.

ಆ ದೋಷವೆಂದರೆ, ಯಾರು ಚಲಿಸುವರು, ಯಾವ ಹಿನ್ನೆಲೆಯ ಮುಂದೆ, ಯಾವ ಹೊತ್ತಿನಲ್ಲಿ, ಯಾವ ದಿಕ್ಕಿಗೆ ಎಂಬುದನ್ನು ವಿಚಾರಿಸದೆ, ಬೋರ್ಡಿನ ಜೊತೆಗೆ ಬರುವ ಚೀಟಿಯಲ್ಲಿನ ದೂರದ ಅಂಕೆಯೊಂದನ್ನೇ ನೋಡಿ ಕೊಂಡುಬಿಡುವುದು. ವಿಜ್ಞಾನ ಪ್ರದರ್ಶನಗಳಲ್ಲಿ ಈ ಅಭ್ಯಾಸ ಬೇರೂರಿದೆ: ಮೇಜಿನ ಮೇಲಿನ ಸೆನ್ಸರಿನೆದುರು ನೋಡಬಂದವರು ಒಂದಡಿಯ ದೂರದಲ್ಲಿ ಕೈಯಾಡಿಸಿದರೆ ದೀಪ ಹೊತ್ತುತ್ತದೆ, ಎಲ್ಲರಿಗೂ ಸಂತೋಷವಾಗುತ್ತದೆ, ಆದರೆ ಒಂದಡಿಯ ದೂರದಲ್ಲಿ ಬೀಸಿದ ಕೈಯನ್ನು ಗುರುತಿಸದ ಸೆನ್ಸರು ಯಾವುದೂ ಇಲ್ಲವಾದ್ದರಿಂದ, ಅದು ಪರೀಕ್ಷೆಯೆನಿಸದು. ಇಲ್ಲಿಗೆ ಸಮೀಪದ ಪರ್ಲಡ್ಕದ ಬಾಲವನದಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಕನ್ನಡದಲ್ಲಿ ಬರೆದಿಟ್ಟು ಹೋಗಿರುವಾಗ, ಅವರ ಊರಿನ ಮಕ್ಕಳು ವಸ್ತುವಿನ ಅಂತರಂಗವನ್ನು ತಿಳಿಯದೆ ಅಂಕೆಯನ್ನು ಮಾತ್ರ ಓದಿ ತೃಪ್ತರಾಗುವುದು ನನಗೆ ನೋವನ್ನುಂಟುಮಾಡುತ್ತದೆ.

ಅಳಿಯನು ಮೊದಲು ತಂದುದು ಎಲ್ಲರೂ ತರುವ ಎಚ್‌ಸಿ-ಎಸ್‌ಆರ್501 ಎಂಬ ಪಿಐಆರ್ ಸೆನ್ಸರನ್ನು. ಬಿಳಿಯ ಅರೆಗೋಳದ ಟೋಪಿಯನ್ನು ತೊಟ್ಟ ಈ ಪುಟ್ಟ ಫಲಕವು ತನ್ನಿಂದ ಏನನ್ನೂ ಹೊರಸೂಸುವುದಿಲ್ಲ. ಎದುರಿನ ವಸ್ತುಗಳು ಸಹಜವಾಗಿ ಚೆಲ್ಲುವ ಶಾಖದ ಕಿರಣಗಳನ್ನು ಸುಮ್ಮನೆ ಕಾಯುತ್ತಿರುತ್ತದೆ. ಮನುಷ್ಯನ ಮೈ ಅತ್ಯಧಿಕವಾಗಿ ಸೂಸುವುದು ಸುಮಾರು 9.5 ಮೈಕ್ರೊಮೀಟರ್ ತರಂಗದೂರದ ಅವಕೆಂಪು ಕಿರಣವನ್ನು. ಟೋಪಿಯನ್ನು ಕಳಚಿ ನೋಡಿದರೆ ಒಳಗೆ ಕಪ್ಪು ಕಿಟಕಿಯುಳ್ಳ ಒಂದು ಲೋಹದ ಗುಂಡಿ ಕಾಣಿಸುವುದು. ಆ ಕಿಟಕಿಯ ಹಿಂದೆ ಎರಡು ಸಂವೇದಿ ತುಣುಕುಗಳು, ಒಂದರ ಸಂಜ್ಞೆ ಇನ್ನೊಂದರದನ್ನು ಅಳಿಸುವಂತೆ, ಪರಸ್ಪರ ವಿರುದ್ಧವಾಗಿ ಜೋಡಿಸಲ್ಪಟ್ಟಿವೆ. ಇಡೀ ಅಂಗಳವೇ ಮೆಲ್ಲಗೆ ಕಾದರೆ ಎರಡೂ ಸಮವಾಗಿ ಕಾದು ಸುಮ್ಮನಿರುವುವು; ಬೆಚ್ಚನೆಯ ಮೈಯೊಂದು ಮೊದಲು ಒಂದರ ಮುಂದೆ, ಬಳಿಕ ಮತ್ತೊಂದರ ಮುಂದೆ ಹಾದುಹೋದರೆ ಮಾತ್ರ ಸಮತೋಲ ತಪ್ಪಿ ಸಂಜ್ಞೆ ಏಳುವುದು. ಟೋಪಿಯ ಮೇಲಣ ಗೀರುಗಳು ಅಲಂಕಾರಕ್ಕಲ್ಲ, ಅವು ಮಸೂರಗಳು; ಫ್ರೆಂಚ್ ವಿಜ್ಞಾನಿ ಫ್ರೆನೆಲ್ ದೀಪಸ್ತಂಭಗಳಿಗಾಗಿ ರೂಪಿಸಿ, 1823ರಲ್ಲಿ ಕೊರ್ಡುವಾನ್ ದೀಪಸ್ತಂಭದಲ್ಲಿ ಬೆಳಗಿಸಿ ತೋರಿಸಿದ ತತ್ತ್ವವೇ ಈ ಅಗ್ಗದ ಪ್ಲಾಸ್ಟಿಕ್ಕಿನಲ್ಲಿಯೂ ಇದೆ.

ಇಷ್ಟನ್ನು ಅರಿತಿದ್ದರೆ ಅಳಿಯನ ಮೊದಲ ಎರಡು ಸೋಲುಗಳು ಸಂಭವಿಸುತ್ತಿರಲಿಲ್ಲ. ಅವನು ಸೆನ್ಸರನ್ನು ಹಟ್ಟಿಯ ಬಾಗಿಲ ಮೇಲೆ, ದಾರಿಗೆ ನೇರವಾಗಿ ಮುಖಮಾಡಿ ಕಟ್ಟಿದನು. ಅಕ್ಕ ಜಗಲಿಯಿಂದ ಹೊರಟು ಮೆಟ್ಟಿಲಿಳಿದು, ಬಾಗಿಲಿಗೆ ಮೂರು ಹೆಜ್ಜೆ ಉಳಿದಿರುವಾಗ ದೀಪ ಹೊತ್ತಿತು. “ಏಳು ಮೀಟರ್ ಅಂತ ಬರೆದಿದ್ದಾರಲ್ಲ ಮಾವ?” ಎಂದು ಅವನು ಚೀಟಿಯನ್ನು ತಂದು ತೋರಿಸಿದನು. ಚೀಟಿಯಲ್ಲಿ ಬರೆದುದು ಸುಳ್ಳಲ್ಲ. ಆದರೆ ಆ ಏಳು ಮೀಟರು ಅಡ್ಡಹಾಯುವ ಮೈಗೆ ಸಲ್ಲತಕ್ಕುದು, ಸೆನ್ಸರಿನ ಕಡೆಗೇ ನೆಟ್ಟಗೆ ಬರುವ ಮೈಗಲ್ಲ. ನೇರವಾಗಿ ಬರುವವರು ಎರಡು ತುಣುಕುಗಳ ಮುಂದೆಯೂ ಏಕಕಾಲಕ್ಕೆ ಬೆಳೆಯುತ್ತ ಬರುವರೇ ಹೊರತು ಒಂದರಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಅದನ್ನೇ ಬಿಚ್ಚಿ ಮೆಟ್ಟಿಲ ಬದಿಯ ಕಂಬಕ್ಕೆ, ದಾರಿಗೆ ಅಡ್ಡವಾಗಿ ನೋಡುವಂತೆ ಕಟ್ಟಿದಾಗ, ಅಕ್ಕನ ಪಾದ ಮೊದಲ ಮೆಟ್ಟಿಲನ್ನು ಮುಟ್ಟುವ ಮೊದಲೇ ಬೆಳಕಾಯಿತು.

ಎರಡನೆಯದು ಮಳೆಯ ಭಯದಿಂದ ಬಂದದ್ದು. ಮೇ ತಿಂಗಳ ಗುಡುಗುಮಳೆಗೆ ಹೆದರಿ ಅವನು ಸೆನ್ಸರನ್ನು ಗಾಜಿನ ಭರಣಿಯೊಂದರಲ್ಲಿಟ್ಟು ಮುಚ್ಚಳ ಬಿಗಿದನು; ಅಂದಿನಿಂದ ದೀಪ ಹೊತ್ತಲೇ ಇಲ್ಲ. ನಮ್ಮ ಕಣ್ಣಿಗೆ ಸ್ವಚ್ಛವಾಗಿ ಕಾಣುವ ಗಾಜು, ಮೈಯ ಶಾಖಕಿರಣಕ್ಕೆ ಮುರಕಲ್ಲಿನ ಗೋಡೆಯಷ್ಟೇ ಅಭೇದ್ಯವೆಂಬುದು ಆ ಭರಣಿಯಿಂದ ಅವನಿಗೆ ತಿಳಿದಂತೆ ಯಾವ ಪಾಠದಿಂದಲೂ ತಿಳಿದಿರಲಾರದು. ಟೋಪಿಯ ಮೇಲೆ ನಿಂತ ನೀರಿನ ಪೊರೆಯೂ ಅದೇ ರೀತಿಯಲ್ಲಿ ಕುರುಡುಮಾಡುವುದು.

ಸೆನ್ಸರಿನ ಮಿತಿಗಳಲ್ಲಿ ನಮ್ಮ ಕರಾವಳಿಗೆ ವಿಶೇಷವಾದುದೊಂದುಂಟು. ಪಿಐಆರ್ ಅಳೆಯುವುದು ಶಾಖವನ್ನಲ್ಲ, ಮೈಗೂ ಹಿನ್ನೆಲೆಗೂ ಇರುವ ಶಾಖದ ಅಂತರವನ್ನು. ಏಪ್ರಿಲ್ಲಿನ ಅಪರಾಹ್ನದಲ್ಲಿ ಅಂಗಳವೂ ಗೋಡೆಯೂ ಮೈಯಷ್ಟೇ ಬಿಸಿಯಾಗಿರುವಾಗ ಏಳು ಮೀಟರು ಎರಡಕ್ಕೋ ಮೂರಕ್ಕೋ ಇಳಿದುದನ್ನು ನಾವು ಹೆಜ್ಜೆಯಿಟ್ಟೇ ಅಳೆದೆವು. ನಸುಕಿನಲ್ಲಿ ನೆಲ ತಣಿದ ಮೇಲೆ ಅದೇ ಸೆನ್ಸರು ಮತ್ತೆ ಚುರುಕಾಯಿತು. ಅಕ್ಕನ ಕೆಲಸ ನಸುಕಿನದಾದುದರಿಂದ ಈ ದೋಷ ನಮಗೆ ದೋಷವಾಗಲಿಲ್ಲ; ಒಣಹಾಕಿದ ಅಡಕೆಗೆ ನಡುಹಗಲಲ್ಲಿ ಬರುವ ಮಂಗಗಳನ್ನು ಕಾಯಲು ಇದನ್ನೇ ನೆಚ್ಚಿದವರಿಗೆ ಅದು ದೊಡ್ಡ ದೋಷವಾದೀತು. ಇನ್ನೊಂದು ಮಾತನ್ನು ತಾಯಂದಿರು ತಿಳಿದಿರಬೇಕು: ದಾರಿಯಲ್ಲಿ ಹಾವು ಹರಿದರೆ ಈ ಸೆನ್ಸರು ಅರಿಯದು, ಏಕೆಂದರೆ ಹಾವಿನ ಮೈ ನೆಲದ ಬಿಸಿಯನ್ನೇ ತಳೆದಿರುತ್ತದೆ. ದೀಪ ಹೊತ್ತಿಲ್ಲವೆಂದಮಾತ್ರಕ್ಕೆ ದಾರಿ ಬರಿದಾಗಿದೆಯೆಂದು ನಂಬಲಾಗದು.

ಪಿಐಆರ್‌ನಿಂದ ಬೇಸತ್ತ ಹವ್ಯಾಸಿಗಳು ಸಾಮಾನ್ಯವಾಗಿ ತಿರುಗುವುದು ಆರ್‌ಸಿಡಬ್ಲ್ಯುಎಲ್-0516 ಎಂಬ ಮೈಕ್ರೋವೇವ್ ಸೆನ್ಸರಿನ ಕಡೆಗೆ. ಇದು ಸುಮಾರು 3.18 ಗಿಗಾಹರ್ಟ್ಸ್ ತರಂಗವನ್ನು ತಾನೇ ಸೂಸಿ, ಮರಳಿ ಬಂದುದರ ಆವೃತ್ತಿಯಲ್ಲಾದ ವ್ಯತ್ಯಾಸವನ್ನು, 1842ರಲ್ಲಿ ಡಾಪ್ಲರ್ ನಿರೂಪಿಸಿದ ನಿಯಮದಂತೆ, ಗುರುತಿಸುವುದು. ಬಿಸಿಲು ಇದಕ್ಕೆ ಬಾಧಕವಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿಟ್ಟರೂ ನೋಡಬಲ್ಲುದು. ಈ ಗುಣಗಳನ್ನು ಓದಿ ನಾನೂ ಆಶೆಪಟ್ಟಿದ್ದೆ. ಆದರೆ ಸೆಕೆಂಡಿಗೆ ಒಂದು ಮೀಟರಿನಂತೆ ನಡೆದುಬರುವ ಅಕ್ಕನಿಂದ ಆ ತರಂಗದಲ್ಲಿ ಉಂಟಾಗುವ ವ್ಯತ್ಯಾಸ ಸೆಕೆಂಡಿಗೆ ಇಪ್ಪತ್ತೊಂದು ಕಂಪನದಷ್ಟು. ಅದೇ ವೇಗದಲ್ಲಿ ತೂಗಾಡುವ ಒದ್ದೆ ಬಾಳೆಯೆಲೆಯಿಂದಲೂ ಅಷ್ಟೇ. ಇಬ್ಬರನ್ನೂ ಬೇರ್ಪಡಿಸುವ ವಿವೇಕವನ್ನು ಆ ಪುಟ್ಟ ಬೋರ್ಡಿನಿಂದ ನಿರೀಕ್ಷಿಸುವುದು ಅನ್ಯಾಯ. ಗಾಳಿ ಬೀಸಿದ ರಾತ್ರಿಯೆಲ್ಲ ದೀಪ ಹೊತ್ತಿ ಆರುತ್ತಲೇ ಇತ್ತು. ಹಟ್ಟಿಯ ಹಲಗೆಯ ಗೋಡೆಯಾಚೆ ದನ ಬಾಲ ಬೀಸಿದರೂ ಹೊತ್ತಿತು. ಸುತ್ತಲೂ ಹಸಿರು ತೂಗುವ ತೋಟದ ಮನೆಗೆ ಇದು ತಕ್ಕುದಲ್ಲವೆಂದು ನಿಸ್ಸಂದೇಹವಾಗಿ ಹೇಳಬಲ್ಲೆ. ಮರದ ಕಪಾಟಿನ ಹಿಂದೆ ಕಾಣದಂತೆ ಅಡಗಿಸಿಡಬೇಕಾದ ಕೋಣೆಯ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದನ್ನು ಅಷ್ಟು ಬೆಲೆಗೆ ಹುಡುಕುವುದು ಕಷ್ಟ.

ಎಚ್‌ಸಿ-ಎಸ್‌ಆರ್04 ಎಂಬ, 40 ಕಿಲೋಹರ್ಟ್ಸ್ ಧ್ವನಿಯ ಮಾರ್ದನಿಯಿಂದ ನಾಲ್ಕು ಮೀಟರಿನ ತನಕ ದೂರವನ್ನಳೆಯುವ ಸೆನ್ಸರನ್ನೂ ಒಂದು ವಾರ ನೋಡಿದೆವು. ನೀರಿನ ತೊಟ್ಟಿಯ ಮಟ್ಟವನ್ನಳೆಯಲು ಅದು ಯೋಗ್ಯ. ತೆರೆದ ದಾರಿಯಲ್ಲಿ ಅದರ ಎರಡು ಬಟ್ಟಲುಗಳಲ್ಲಿಯೂ ಜೇಡ ಬಲೆ ಕಟ್ಟಿತು. 24 ಗಿಗಾಹರ್ಟ್ಸಿನ ಎಲ್‌ಡಿ2410 ಉಸಿರಾಟದ ಅಲುಗಾಟವನ್ನೂ ಅರಿಯಬಲ್ಲುದಾದುದರಿಂದ, ಅಲುಗದೆ ಕುಳಿತು ಓದುವವರ ಕೋಣೆಯ ದೀಪಕ್ಕೆ ಅದೇ ಸರಿ. ಪಿಐಆರ್ ಅಂಥಲ್ಲಿ ಓದುಗನನ್ನು ಕತ್ತಲೆಯಲ್ಲಿ ಬಿಟ್ಟುಬಿಡುವುದು. ಬಾಗಿಲು ತೆರೆದುದನ್ನಷ್ಟೇ ತಿಳಿಯಬೇಕಾದರೆ ಅಯಸ್ಕಾಂತವೂ ರೀಡ್ ಸ್ವಿಚ್ಚೂ ಸಾಕು, ಬೇರೆ ಆಡಂಬರ ಬೇಡ.

ಒಂದು ವಿಷಯವನ್ನು ಮಾತ್ರ ಹಗುರವಾಗಿ ಹೇಳಿ ಮುಂದೆ ಹೋಗಲಾರೆ. 2023ರ ಫೆಬ್ರವರಿಯಲ್ಲಿ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಕಾಡಾನೆಯ ದಾಳಿಗೆ ಇಬ್ಬರು ಬಲಿಯಾದ ಬಳಿಕ, ಇಂಥದೇ ಸೆನ್ಸರಿಗೆ ಸೈರನ್ ಜೋಡಿಸಿ ಆನೆಯ ಮುನ್ಸೂಚನೆ ಪಡೆಯಬಹುದಲ್ಲವೇ ಎಂದು ಹಲವು ಮಕ್ಕಳು ಉತ್ಸಾಹದಿಂದ ಕೇಳುವರು. ಅವರ ಕರುಣೆ ಮೆಚ್ಚತಕ್ಕದ್ದು. ಆದರೆ ಏಳು ಮೀಟರಿನೊಳಗೆ ಬಂದ ಆನೆಯನ್ನು ತಿಳಿಸುವ ಯಂತ್ರ, ಓಡಲು ಏನನ್ನು ಉಳಿಸಿತು? ಮನೆಯ ದೀಪಕ್ಕಾಗಿ ರಚಿಸಿದ ವಸ್ತುವಿನ ಮೇಲೆ ಪ್ರಾಣದ ಭಾರವನ್ನು ಹೊರಿಸಲಾಗದೆಂದು ಆ ಮಕ್ಕಳಿಗೆ ಸ್ಪಷ್ಟವಾಗಿ ಹೇಳುವುದು ಹಿರಿಯರ ಕರ್ತವ್ಯ.

ಕೊನೆಗೆ ಕಂಬದ ಮೇಲೆ ನಿಂತುದು ಆ ಮೊದಲಿನ ಪಿಐಆರ್ ಸೆನ್ಸರೇ. ಅದರ ಬೆನ್ನಿನ ಎರಡು ತಿರುಪುಗಳಲ್ಲಿ ಒಂದರಿಂದ ದೂರವನ್ನು ಐದು ಮೀಟರಿಗೆ ತಗ್ಗಿಸಿ, ಇನ್ನೊಂದರಿಂದ ದೀಪ ಉರಿಯುವ ಅವಧಿಯನ್ನು ಎರಡು ನಿಮಿಷಕ್ಕೆ ಏರಿಸಿ, ಚಲನೆ ಇರುವಷ್ಟು ಕಾಲವೂ ಅವಧಿ ಮುಂದುವರಿಯುವಂತೆ ಜಂಪರನ್ನು ‘ಎಚ್’ ಕಡೆಗೆ ಸಿಕ್ಕಿಸಿದ್ದಾಯಿತು. ಕರೆಂಟು ಹೋಗಿ ಬಂದೊಡನೆ ಒಂದು ನಿಮಿಷ ಅದು ಸುಮ್ಮಸುಮ್ಮನೆ ಹೊತ್ತಿ ಆರುವುದು. ಸಂವೇದಿ ತುಣುಕು ಸ್ಥಿಮಿತಕ್ಕೆ ಬರಲು ಅಷ್ಟು ಕಾಲ ಬೇಕೆಂದು ತಿಳಿದ ಮೇಲೆ ಅಕ್ಕ ಅದಕ್ಕೆ ಹೊಂದಿಕೊಂಡಳು. ಮಳೆಗೆ ಗಾಜಿನ ಬದಲು ತೋಟದಲ್ಲಿ ಬಿದ್ದ ಅಡಕೆಯ ಹಾಳೆಯೊಂದನ್ನು ಅವಳೇ ನೆನೆಸಿ ಮಡಚಿ, ಗದ್ದೆಯಲ್ಲಿ ದುಡಿಯುವವರು ತಲೆಗಿಡುವ ಮುಟ್ಟಾಳೆಯ ಹಾಗೆಯೇ ಹೊಲಿದು, ಮುಂದಕ್ಕೆ ನಾಲ್ಕು ಬೆರಳಷ್ಟು ಅಂಚು ಚಾಚುವಂತೆ ಸೆನ್ಸರಿನ ಮೇಲೆ ಕಟ್ಟಿದಳು. ಜೂನಿನ ಮಳೆ ಅದರ ಮೇಲಿಂದ ಎರಡು ಬದಿಗೂ ಇಳಿದುಹೋಗುತ್ತಿದೆ, ಬಿಳಿಯ ಟೋಪಿ ಒಣಗಿಯೇ ಇದೆ.